ಖಾಲಿ ಸುತ್ತು

"ಅತ್ತಿಗೆ, ಒಂದಂಕ ಸಾಕು. ಮೆಲ್ಲಗೆ ಬಿಡಿ. ಮನೆಯೊಳಗೆ ಎಲ್ಲಿ ನಿಂತ್ರೂ ನಮ್ದೇ!" ಸ್ಟೆಫಾನ್ ಐಸ್ ಹಾಸಿನ ಆ ತುದಿಯಿಂದ ಕೂಗಿದ.

ಟೆಕ್ಲಾ ಈ ತುದಿಯಲ್ಲಿ, ಐಸಿನ ಮೇಲೆ ಜಾರಿಸಿ ಬಿಡುವ ನಲವತ್ತೆರಡು ಪೌಂಡಿನ ಆಟದ ಕಲ್ಲಿನ ಹಿಡಿಕೆಯನ್ನು ಹಿಡಿದು ಕುಕ್ಕರಗಾಲಲ್ಲಿ ಕೂತಿದ್ದಳು. ಹೊರಗೆ ಸಸ್ಕಾಚೆವಾನಿನ ಫೆಬ್ರವರಿ. ಉಗುಳು ನೆಲ ಮುಟ್ಟುವ ಮೊದಲೇ ಗಟ್ಟಿಯಾಗುವ ಚಳಿ. ಒಳಗೂ ಅಂಥ ವ್ಯತ್ಯಾಸವೇನಿಲ್ಲ. ಗಾಜಿನ ಆಚೆ, ಒಲೆ ಉರಿಯುವ ಕೋಣೆಯಲ್ಲಿ ಅರ್ಧ ಊರೇ ಸೇರಿತ್ತು. ಯಾರೋ ಬೆಣ್ಣೆಯಲ್ಲಿ ಈರುಳ್ಳಿ ಹುರಿಯುತ್ತಿದ್ದರು.

ಏಳನೆಯ ಸುತ್ತು, ಎರಡೂ ತಂಡಕ್ಕೆ ಐದೈದು ಅಂಕ. ಇದಾದ ಮೇಲೆ ಉಳಿಯುವುದು ಒಂದೇ ಸುತ್ತು. ಎದುರಿನ ಬಣ್ಣದ ವೃತ್ತಗಳು, ಎಲ್ಲರೂ ಮನೆ ಎನ್ನುವ ಆ ಜಾಗ, ಬರಿದಾಗಿತ್ತು. ಈ ಸುತ್ತಿನ ಕೊನೆಯ ಕಲ್ಲು ಅವಳದು. ಒಳಗೆ ನಿಲ್ಲಿಸಿದರೆ ಒಂದಂಕ ಖಚಿತ. ಆದರೆ ಅಂಕ ತೆಗೆದವರು ಮುಂದಿನ ಸುತ್ತಿನ ಕೊನೆಯ ಕಲ್ಲನ್ನು ಎದುರಾಳಿಗೆ ಬಿಟ್ಟುಕೊಡಬೇಕು. ಯಾರಿಗೂ ಏನೂ ಸಿಗದೆ ಸುತ್ತು ಖಾಲಿ ಹೋದರೆ ಮಾತ್ರ ಕೊನೆಯ ಮಾತು ಅವಳಲ್ಲೇ ಉಳಿಯುತ್ತದೆ.

ಗಂಡ ಪ್ರೋಕಿಪ್ ಇದ್ದಿದ್ದರೆ ಯೋಚಿಸುತ್ತಲೇ ಇರಲಿಲ್ಲ. "ಅಂಗೈಗೆ ಬಂದ ಕಾಳನ್ನ ಹಕ್ಕಿಗೆ ಹಾಕ್ಬಾರ್ದು ಕಣೇ," ಎನ್ನುತ್ತಿದ್ದ. ಮೂವತ್ತೊಂದು ಚಳಿಗಾಲ ಅವನು ನಾಯಕ, ಅವಳು ಪೊರಕೆ ಹಿಡಿದವಳು. ಅವನು ಒಂದಂಕಕ್ಕೆಂದು ಬಿಟ್ಟ ಕಲ್ಲಿನ ಮುಂದೆ ಬಾಗಿ ಓಡುತ್ತ, ಪಟಪಟನೆ ಗುಡಿಸುತ್ತ, ಬೇಡ, ಈ ಒಂದಂಕ ಬೇಡ ಎಂದು ಒಳಗೊಳಗೇ ಎಷ್ಟು ಸಲ ಅಂದುಕೊಂಡಿದ್ದಳೋ. ಬಾಯಿ ಬಿಟ್ಟು ಹೇಳಿದ್ದಿಲ್ಲ.

ಅಕ್ಟೋಬರಿನಲ್ಲಿ ಅವನನ್ನು ಮಣ್ಣು ಮಾಡಿದ ಮೇಲೆ, ತಂಡದ ಮಾತು ಬಂದಾಗ ಅವನ ತಮ್ಮ ಸ್ಟೆಫಾನ್ ಹೇಳಿದ್ದ, "ಅಣ್ಣನ ನೆನಪಿಗೆ ಇದೊಂದು ಆಟ ನೀವೇ ನಾಯಕಿ ಆಗಿ ಅತ್ತಿಗೆ. ಆಮೇಲಿಂದು ನಾನು ನೋಡ್ಕೋತೀನಿ. ನೀವು ಮತ್ತೆ ಗುಡಿಸ್ಬಹುದು." ಅವನು ಕೆಟ್ಟವನಲ್ಲ. ಗುಡಿಸುವುದು ಅವಳಿಗೆ ಇಷ್ಟ ಎಂದೇ ನಂಬಿದ್ದ.

ಇಷ್ಟವಿಲ್ಲವೆಂದೂ ಅಲ್ಲ. ಮದುವೆಯ ಮೊದಲ ವರ್ಷ ಈ ಕಟ್ಟಡವೇ ಇರಲಿಲ್ಲ. ಹೊಲದ ಅಂಚಿನ ಕೆರೆ ಹೆಪ್ಪುಗಟ್ಟಿದಾಗ ಜಾಮಿನ ಡಬ್ಬಿಗಳಿಗೆ ಸಿಮೆಂಟು ತುಂಬಿ, ಬಾಗಿಸಿದ ಕಬ್ಬಿಣದ ಸರಳನ್ನು ಹಿಡಿಕೆಗೆ ಚುಚ್ಚಿ ಆಡುತ್ತಿದ್ದರು. ಕೆಟಲಿನ ಬಿಸಿನೀರನ್ನು ಐಸಿನ ಮೇಲೆ ಹನಿಹನಿಯಾಗಿ ಚಿಮುಕಿಸಲು ಪ್ರೋಕಿಪ್ ಕಲಿಸಿದ್ದು ಅಲ್ಲೇ. ಹನಿಗಳು ಸಣ್ಣ ಗುಬುಟುಗಳಾಗಿ ಹೆಪ್ಪುಗಟ್ಟುತ್ತಿದ್ದವು. "ನುಣ್ಣಗಿರೋ ಐಸಲ್ಲಿ ಕಲ್ಲು ಓಡಲ್ಲ, ಟೆಕ್ಲಾ. ಅಂಟ್ಕೊಂಡ್ಬಿಡುತ್ತೆ. ಉಬ್ಬುತಗ್ಗು ಇದ್ರೇ ದಾರಿ." ಗುಡಿಸಿದರೆ ಆ ಗುಬುಟುಗಳ ನೆತ್ತಿ ಒಂದಿಷ್ಟು ಬೆಚ್ಚಗಾಗುತ್ತದೆ, ಕಲ್ಲು ಇನ್ನಷ್ಟು ದೂರ, ಇನ್ನಷ್ಟು ನೇರ ಹೋಗುತ್ತದೆ. ಸಂಜೆ ಮನೆಗೆ ನಡೆಯುವಾಗ ಅವಳ ಕೈಬೆರಳುಗಳನ್ನು ತನ್ನ ಕೋಟಿನ ಜೇಬಿನೊಳಗೆ ಎಳೆದುಕೊಳ್ಳುತ್ತಿದ್ದ.

"ಅತ್ತಿಗೆ, ನಿದ್ದೆ ಬಂತಾ?"

ಟೆಕ್ಲಾ ಕಲ್ಲನ್ನು ಹಿಂದಕ್ಕೆಳೆದು ಬಲವಾಗಿ ಬಿಟ್ಟಳು. ಗುಡಿಸಲು ಬಾಗಿದ ಡೋರಾ, ಯುರ್ಕೊ ಗಂಡಹೆಂಡಿರು ಎರಡು ಹೆಜ್ಜೆ ಓಡಿ ಕೈಬಿಟ್ಟರು. ಕಲ್ಲು ಗುಡುಗುಡು ಎನ್ನುತ್ತ ಬರಿಮನೆಯ ನಡುವೆಯೇ ಹಾದು ಹಿಂದಿನ ಹಲಗೆಗೆ ಬಡಿಯಿತು.

ಸ್ಟೆಫಾನ್ ಹತ್ತಿರ ಬಂದ. "ಜಾರ್ತಾ?"

"ಇಲ್ಲ."

"ಮತ್ತೆ? ಕೈಯಲ್ಲಿದ್ದ ಅಂಕನ ಬಿಸಾಕಿದ್ರಲ್ಲ. ಅಣ್ಣ ಏನಂತಿದ್ದ?"

"ಅವ್ರು ತೊಗೋತಿದ್ರು," ಎಂದಳು. "ನಾನು ತೊಗೊಳ್ಳಲ್ಲ."

ಎದುರಾಳಿ ತಂಡದ ನಾಯಕ, ಮುದುಕ ಗ್ರೆಗರ್, ಪೈಪು ಬಾಯಲ್ಲಿಟ್ಟುಕೊಂಡೇ ಅವಳತ್ತ ಒಮ್ಮೆ ನೋಡಿದ.

ಎಂಟನೆಯ ಸುತ್ತಿನಲ್ಲಿ ಗ್ರೆಗರ್ ತನ್ನ ಒಂದು ಕಲ್ಲನ್ನು ಮನೆಯ ನಡುವಿಗೆ ತೀರ ಹತ್ತಿರ ತಂದು ಕೂರಿಸಿದ. ಅದಕ್ಕೆ ಕಾವಲಾಗಿ ಮುಂದೊಂದು ಕಲ್ಲು. ಕೊನೆಯ ಕಲ್ಲು ಟೆಕ್ಲಾಳದು. ನೇರ ಹೋದರೆ ಕಾವಲುಕಲ್ಲಿಗೆ ತಗಲುತ್ತದೆ. ಅದನ್ನು ದಾಟಿ, ಆಮೇಲೆ ಒಳಕ್ಕೆ ಬಾಗಬೇಕು. ಅವಳು ಹಿಡಿಕೆಯನ್ನು ಒಂದಿಷ್ಟೇ ತಿರುವಿ ಬಿಟ್ಟಳು.

"ಗುಡ್ಸಿ! ನಿಂತೋಗುತ್ತೆ, ಗುಡ್ಸಿ!" ಸ್ಟೆಫಾನ್ ಅರಚಿದ. ಡೋರಾ, ಯುರ್ಕೊ ಬಾಗಿದರು. ಹತ್ತು ಗಜ, ಹದಿನೈದು ಗಜ.

"ಸಾಕು, ಬಿಡಿ," ಎಂದಳು ಟೆಕ್ಲಾ.

"ಗುಡ್ಸಿ ಅಂದೆ!"

"ಪೊರಕೆ ಎತ್ತು, ಡೋರಾ."

ಅವಳು ಕೂಗಲಿಲ್ಲ. ಕಲ್ಲು ಸುಸ್ತಾಗುವ ಸದ್ದು ಮೂವತ್ತೊಂದು ವರ್ಷದಿಂದ ಅವಳ ಕಿವಿಗೆ ಗೊತ್ತು. ಸುಸ್ತಾದರೇ ಕಲ್ಲು ಬಾಗುವುದು. ಡೋರಾ ಗಂಡನ ಮುಖ ನೋಡಿ, ಪೊರಕೆ ಎತ್ತಿದಳು. ಕಲ್ಲು ಕಾವಲುಕಲ್ಲನ್ನು ಸವರಿದಂತೆ ದಾಟಿ, ಮೆಲ್ಲಗೆ ಒಳಕ್ಕೆ ತಿರುಗಿ, ಗ್ರೆಗರನ ಕಲ್ಲಿನ ಪಕ್ಕಕ್ಕೆ ಬಂದು ನಿಂತಿತು.

ನಡುವಿಗೆ ಹತ್ತಿರವಿದ್ದ ಕಲ್ಲಿಗೇ ಅಂಕ; ಎರಡೂ ಒಂದೇ ದೂರದಲ್ಲಿದ್ದಂತೆ ಕಂಡವು. ಸ್ಟೆಫಾನ್ ಅಳತೆಗೋಲು ತರಲು ಹೊರಟ. ಗ್ರೆಗರ್ ಮಂಡಿಯೂರಿ ಬಹಳ ಹೊತ್ತು ನೋಡಿದ. ಆಮೇಲೆ ಟೊಪ್ಪಿಗೆ ತೆಗೆದು, "ಅಳೆಯೋದೇನೂ ಬೇಡ. ನಿಂದೇ," ಎಂದು ಟೆಕ್ಲಾಳಿಗೆ ಕೈ ಕೊಟ್ಟ.

ಗೆದ್ದವರು ಸೋತವರಿಗೆ ಕುಡಿಯಲು ಕೊಡಿಸಬೇಕು. ಒಲೆಯ ಕೋಣೆಯಲ್ಲಿ ಟೆಕ್ಲಾ ಗ್ರೆಗರನ ಮುಂದೆ ವಿಸ್ಕಿ ಇಟ್ಟು, ತನಗೆ ಚಹಾ ತಂದುಕೊಂಡು ಕೂತಳು.

"ಪ್ರೋಕಿಪ್ ಒಂದ್ಸಲ ಕೇಳಿದ್ದ, ಇವತ್ತಿನಂಥ ಹೊತ್ತಲ್ಲಿ ನಾನಾಗಿದ್ರೆ ಏನು ಮಾಡ್ತಿದ್ದೆ ಅಂತ," ಗ್ರೆಗರ್ ಪೈಪು ಕೊಡವುತ್ತ ಹೇಳಿದ. "ಖಾಲಿ ಬಿಡ್ತಿದ್ದೆ ಅಂದೆ. 'ನನ್ನ ಹೆಂಡ್ತೀಗೂ ಹಾಗೇ ಅನ್ಸುತ್ತೆ, ಗ್ರೆಗರ್. ಒಂದಂಕಕ್ಕೆ ಬಿಟ್ಟ ಕಲ್ಲನ್ನ ಗುಡಿಸುವಾಗ ಅವಳ ಬೆನ್ನೇ ಬೇರೆ ಥರ ಇರುತ್ತೆ' ಅಂದ."

ಟೆಕ್ಲಾ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಗೊತ್ತಿತ್ತಾ ಅವ್ರಿಗೆ?"

"ಗೊತ್ತಿತ್ತು. 'ಧೈರ್ಯ ಸಾಲಲ್ಲ' ಅಂದ. 'ಅಪ್ಪ ಬರೀ ಕೈಲಿ ಮನೆಗೆ ಬರೋದನ್ನ ನೋಡಿದೀನಿ' ಅಂದ. ನಿಂಗೆ ಹೇಳ್ಬೇಡ ಅಂತಾನೂ ಅಂದ, ಮುಠ್ಠಾಳ."

ಅವಳು ನಗಲು ಹೋದಳು. ಆಗಲಿಲ್ಲ.

ಸ್ಟೆಫಾನ್ ತಟ್ಟೆ ಹಿಡಿದು ಬಂದ. ಕೂರಲಿಲ್ಲ. ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತ ನಿಂತ. "ಮುಂದಿನ ಶನಿವಾರ," ಎಂದ, "ನೀವು ನನ್ನನ್ನ ಎಷ್ಟನೆಯವನಾಗಿ ಕಲ್ಲು ಬಿಡೋಕೆ ಹಾಕ್ತೀರಾ, ಅತ್ತಿಗೆ?"

ಅವಳು ಬಟ್ಟಲಿನಿಂದ ತಲೆಯೆತ್ತಿದಳು. ಗಾಜಿನ ಆಚೆ, ಪಕ್ಕದ ಹಾಸಿನಲ್ಲಿ ಯಾರದೋ ಕಲ್ಲೊಂದು ಒಂಟಿಯಾಗಿ ಬರುತ್ತಿತ್ತು. ಯಾರೂ ಗುಡಿಸುತ್ತಿರಲಿಲ್ಲ. ಅದು ತನ್ನ ಪಾಡಿಗೆ ತಾನು, ಮೆಲ್ಲಗೆ, ಬಾಗುತ್ತಿತ್ತು.