ಕೊನೆಗೆ ಬಂದ ಅಂಕಿ

ಡೇರಿಯ ಲೈನ್ ಒಂದು ಸಲ ನಿಂತರೆ ಆರುನೂರು ಲೀಟರ್ ಹಾಲು ಹಿಂದಕ್ಕೆ, ನಲವತ್ತು ನಿಮಿಷ ದಂಡ, ಮ್ಯಾನೇಜರರ ಮುಖ ನೋಡುವ ಖರ್ಚು ಬೇರೆ. ಬೆಳಗಿನಿಂದ ನಾಲ್ಕು ಸಲ ನಿಂತಿತ್ತು.

ಇಂಜಿನಿಯರ್ ಲ್ಯಾಪ್‌ಟಾಪನ್ನು ಹಾಲಿನ ಕ್ರೇಟಿನ ಮೇಲಿಟ್ಟು ಕುಕ್ಕರಗಾಲಿನಲ್ಲಿ ಕೂತಿದ್ದ. ಎದುರಿನ ಪೆಟ್ಟಿಗೆಯಲ್ಲಿ ಅಂಗೈಯಗಲದ ಈಥರ್ನೆಟ್ ಮಾಡ್ಯೂಲ್. ಹಾಲು ಕಾಯಿಸುವ ಹಳೆಯ ಯಂತ್ರವನ್ನು ಶಾಖ ಎಷ್ಟೆಂದು ಕೇಳಿ, ಕಂಟ್ರೋಲ್ ರೂಮಿನ ಪರದೆಗೆ ಮುಟ್ಟಿಸುವುದು ಅದರ ಕೆಲಸ. ವಿಳಾಸ ಕೊಟ್ಟಾಗಿತ್ತು, ವೇಗ ಹೊಂದಿಸಿಯಾಗಿತ್ತು, ಕೇಬಲ್ ಎರಡು ಸಲ ಬದಲಿಸಿಯಾಗಿತ್ತು. ಆದರೂ ಹಳೆಯ ಯಂತ್ರ ಆಗಾಗ ಎರಡು ಸೆಕೆಂಡು ಸುಮ್ಮನಾಗುತ್ತಿತ್ತು. ಮಾಡ್ಯೂಲ್ ಹೆದರಿ ಇಡೀ ಲೈನನ್ನೇ ನಿಲ್ಲಿಸುತ್ತಿತ್ತು.

“ಇಪ್ಪತ್ತು ವರ್ಷ ಇದು ಯಾರ ಹತ್ರಾನೂ ಮಾತಾಡಿಲ್ಲ ಸಾರ್,” ಎಂದ ಯಂತ್ರದ ಆಪರೇಟರ್, ಕೂದಲು ನರೆತವನು. “ಈಗ ಬಾಯಿ ಬಿಡಿಸ್ತಿದ್ದೀರ. ಸಂಕೋಚ ಇರಲ್ವಾ?”

ಇಂಜಿನಿಯರ್ ನಗಲಿಲ್ಲ. ಹಿಂದಿನ ಎರಡು ಕಾರ್ಖಾನೆಗಳಿಂದ, ಕೆಲಸ ಸರಿಯಾಗಿ ಮುಗಿಯಿತೆಂಬ ಸಹಿ ಇಲ್ಲದೆ ವಾಪಸಾಗಿದ್ದ. ಇಲ್ಲಿಂದಲೂ ಹಾಗೇ ಬಂದರೆ ಬೇರೆ ಕೆಲಸ ನೋಡಿಕೊಳ್ಳಿ ಎಂದು ಕಂಪನಿಯವರು ಹೇಳಿದ್ದರು, ಮರ್ಯಾದೆಯಿಂದಲೇ.

ಫೋನ್ ಅದುರಿತು. ಹೆಂಡತಿ.

“ಹೇಗಾಗ್ತಿದೆ?”

“ಸರಿಯಾಗಿದೆ.”

“ಊಟ?”

“ಆಯ್ತು.”

“ಇನ್ನೂ ಹತ್ತೂವರೆ.”

ಅವನು ಗಡಿಯಾರ ನೋಡಿದ. ಅಷ್ಟರಲ್ಲಿ ಅವಳು ಫೋನ್ ಇಟ್ಟಿದ್ದಳು.

ಐದನೇ ಸಲ ಲೈನ್ ನಿಂತಿತು. ಮ್ಯಾನೇಜರ್ ಬಂದು ಅವನ ಬೆನ್ನ ಹಿಂದೆ ನಿಂತರು.

“ಎರಡು ಸೆಕೆಂಡ್ ಮಾತಾಡ್ಲಿಲ್ಲ ಅಂದ್ರೆ ಸತ್ತೇ ಹೋಯ್ತು ಅಂತಾನಾ? ನನ್ನ ಹೆಂಡ್ತಿ ಎರಡು ದಿನ ಮಾತಾಡಲ್ಲ. ಮನೆ ನಡೀತಿಲ್ವಾ?”

“ಒಂದು ದಾರಿ ಇದೆ,” ಎಂದ. ನಾಲಿಗೆ ತನ್ನದಲ್ಲವೆನಿಸಿತು. “ಉತ್ತರ ಬರದಿದ್ರೆ, ಕೊನೆಗೆ ಬಂದ ಅಂಕಿನೇ ತೋರಿಸ್ತಿರು ಅಂತ ಇದಕ್ಕೆ ಹೇಳಬಹುದು. ಲೈನ್ ನಿಲ್ಲಲ್ಲ. ಆದ್ರೆ...”

“ಆದ್ರೆ ಗೀದ್ರೆ ನಾಳೆ ನೋಡೋಣ. ಒಂದು ಗಂಟೆ ಓಡಿಸಿ ತೋರಿಸಿ, ಸಹಿ ಹಾಕ್ತೀನಿ.”

ನುಂಗಿಕೊಂಡ ಮಾತು ಏನೆಂದು ಅವನಿಗೆ ಗೊತ್ತಿತ್ತು. ಯಂತ್ರ ನಿಜವಾಗಿ ತಣ್ಣಗಾದರೂ ಪರದೆ ಬಿಸಿಯೆನ್ನುತ್ತದೆ. ಕಾಯದ ಹಾಲು ಪೊಟ್ಟಣಕ್ಕಿಳಿದು ಸಂಜೆಗೆ ಯಾರದೋ ಮಗುವಿನ ಬಾಟಲಿ ಸೇರುತ್ತದೆ. ಒಂದು ಗಂಟೆಯ ಮಾತು, ಆಮೇಲೆ ಬದಲಿಸಿದರಾಯಿತು ಎಂದುಕೊಂಡ. ಲ್ಯಾಪ್‌ಟಾಪಿನಲ್ಲಿ ಆ ಆಯ್ಕೆಗೆ ಟಿಕ್ ಹಾಕಿ, ಮಾಡ್ಯೂಲನ್ನು ಆರಿಸಿ ಮತ್ತೆ ಹೊತ್ತಿಸಿದ. ಹಸಿರು ದೀಪ ಬಂತು.

ಲೈನ್ ಒಂದು ಗಂಟೆ ನಿಲ್ಲದೆ ಓಡಿತು. ಮ್ಯಾನೇಜರ್ ಅವನನ್ನು ಮೇಲಿನ ಕಂಟ್ರೋಲ್ ರೂಮಿಗೆ ಕರೆದು ಸಹಿ ಹಾಕಿ ಬೆನ್ನು ತಟ್ಟಿದರು. “ಇದನ್ನ ಬೆಳಿಗ್ಗೇನೇ ಮಾಡೋಕೇನಾಗಿತ್ತು?” ಎಂದು ಹೊರಟುಹೋದರು.

ಅವನೊಬ್ಬನೇ ಉಳಿದ. ಕಾಗದ ಮಡಚಿ ಜೇಬಿಗಿಟ್ಟ. ಪರದೆಯ ಮೇಲೆ ಎಪ್ಪತ್ತೆರಡು ಪಾಯಿಂಟ್ ಒಂದು. ಒಂದು ನಿಮಿಷ ನೋಡಿದ. ಐದು ನಿಮಿಷ ನೋಡಿದ. ಅದೇ. ಹರಿಯುವ ಹಾಲಿನ ಶಾಖ ಅಷ್ಟು ಹೊತ್ತು ಅಲುಗದೆ ಇರುವುದಿಲ್ಲ.

ಸಹಿ ಸಿಕ್ಕಿತ್ತು, ಕೆಲಸ ಉಳಿದಿತ್ತು. ಗಾಜಿನಾಚೆ ಕೆಳಗೆ ಪೊಟ್ಟಣಗಳು ಒಂದರ ಹಿಂದೊಂದು ಬೀಳುತ್ತಿದ್ದವು. ಯಂತ್ರದಿಂದ ಬಿಸಿ ಹಾಲು ಹೊರಡುವ ಕೊಳವೆಯ ಪಕ್ಕ ಆಪರೇಟರ್ ನಿಂತಿದ್ದ. ಹಾಲು ಕಾದಿದ್ದರೆ ಅದರ ಮೇಲೆ ಯಾರೂ ಒಂದು ಗಳಿಗೆ ಕೈಯಿಡಲಾರರು. ಆಪರೇಟರ್ ತಲೆಯೆತ್ತಿ ಗಾಜಿನತ್ತಲೇ ನೋಡುತ್ತಿದ್ದ. ಅಂಗೈ ಕೊಳವೆಯ ಮೇಲೆ ಹಾಗೆಯೇ ಇತ್ತು.