ಅಟ್ಟದ ಕಾಯಿಗೆ ಒಬ್ಬನೇ ಗಿರಾಕಿ

ಮಹದೇವಮ್ಮನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ವರ್ಷವಿಡೀ ಒಣಗಿದ ಕೊಬ್ಬರಿಕಾಯಿ ಅಟ್ಟದ ಮೇಲೆ ಹಾಗೇ ಬಿದ್ದಿತ್ತು. ಇನ್ನೂ ಇಟ್ಟರೆ ಇಲಿಯ ಪಾಲು. ಮಗಳು ಉಷಾರಾಣಿ ಹೊಲಿಗೆ ಅಂಗಡಿಗೆಂದು ಬಾಣಾವರದಲ್ಲಿ ಮಳಿಗೆ ಗೊತ್ತು ಮಾಡಿಕೊಂಡಿದ್ದಳು. ಅಮಾವಾಸ್ಯೆಯೊಳಗೆ ಮುಂಗಡ ಕೊಡದಿದ್ದರೆ ಅದೂ ಕೈತಪ್ಪುತ್ತಿತ್ತು.

ಇಷ್ಟು ವರ್ಷ ಈ ಚಿಂತೆಯೇ ಇರಲಿಲ್ಲ. ಹಳೇಬೀಡಿನ ವ್ಯಾಪಾರಿ ಖಲಂದರ್ ಸಾಬರು ತಾವೇ ಬಂದು, ಅಟ್ಟ ಹತ್ತಿ, ಒಂದು ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲುಗಾಡಿಸುತ್ತಿದ್ದರು. ಒಳಗೆ ಒಣಗಿದ ಕೊಬ್ಬರಿಯ ಗಿಟುಕು ಗಡಗಡ ಉರುಳಿತೋ, ವ್ಯಾಪಾರ ಮುಗಿಯಿತು. ಮಜ್ಜಿಗೆ ಕುಡಿದು, ದುಡ್ಡು ಕೊಟ್ಟು ಹೋಗುತ್ತಿದ್ದರು. ಈ ಸಲ ಪಕ್ಕದ ತಾಲ್ಲೂಕಿನಲ್ಲಿ ಯಾವುದೋ ಮೆರವಣಿಗೆಯ ಮೇಲೆ ಕಲ್ಲು ಬಿತ್ತಂತೆ. ಮೈದುನನ ಮಗ ಮಹಾಂತೇಶ ಊರೂರು ತಿರುಗಿ, "ಆ ಜನಕ್ಕೆ ಒಂದು ಕಾಯೂ ಕೊಡಬೇಡಿ" ಎಂದು ಸಾರಿದ. ಎಲ್ಲಿಯ ಕಲ್ಲೋ, ಯಾರ ಅಟ್ಟವೋ! ಆದರೂ ಸಾಬರು ಬಂದಾಗ ಮಹದೇವಮ್ಮ ಬಾಗಿಲಲ್ಲೇ ನಿಂತು, "ಕಾಯಿಲ್ಲ, ಹೋಗಿ" ಎಂದುಬಿಟ್ಟಳು. ಅವರು ತಲೆಯೆತ್ತಿ ಅಟ್ಟ ನೋಡಿದರು, ಬಂದ ದಾರಿಯಲ್ಲೇ ಹೋದರು.

ಆಮೇಲೆ ಕೊಳ್ಳಲು ಬಂದವನು ಮಹಾಂತೇಶನೇ. ಅದೂ ಅರ್ಧ ಬೆಲೆಗೆ! "ಬ್ಯಾರೆ ಯಾರು ಬತ್ತಾರೆ, ದೊಡ್ಡವ್ವ?" ಎಂದು ಹಲ್ಲು ಕಿರಿದ. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು? ಅರಸೀಕೆರೆ ಮಂಡಿಗೆ ಹಾಕೋಣವೆಂದರೆ ಕಾಯಿ ಸುಲಿಸಿ, ಚಿಪ್ಪು ಒಡೆಸಬೇಕು. ಆ ಕೆಲಸದವರೂ ಸಾಬರ ಕಡೆಯವರೇ. ಅವರೂ ಬರುತ್ತಿರಲಿಲ್ಲ.

ಕೊನೆಗೆ ತಡೆಯಲಾರದೆ ಅವಳು ಹಾರನಹಳ್ಳಿಯಲ್ಲಿ ಬಸ್ಸು ಹತ್ತಿ ಹಳೇಬೀಡಿಗೆ ಹೋದಳು. ಸಾಬರ ಗೋದಾಮಿನ ಮುಂದೆ ಒಂದು ಟೆಂಪೊ ನಿಂತಿತ್ತು. ಅದರಿಂದ ಕಾಯಿ ಇಳಿಸುತ್ತಿದ್ದವನು ಮಹಾಂತೇಶ!

"ಏನ್ಲಾ ಇದು? ಒಂದು ಕಾಯೂ ಕೊಡಬ್ಯಾಡಿ ಅಂದೋನು ನೀನೇ ಅಲ್ವೇನ್ಲಾ?"

"ಅದು ಬ್ಯಾರೆ, ವ್ಯಾಪಾರ ಬ್ಯಾರೆ, ದೊಡ್ಡವ್ವ."

ನಾಚಿಕೆಗೆಟ್ಟವನು, ಮುಖವನ್ನೂ ತಿರುಗಿಸಲಿಲ್ಲ. ಮಹದೇವಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಪಕ್ಕದಲ್ಲಿ ಅವನಿಗೆ ಪೂರ್ತಿ ಬೆಲೆಯ ದುಡ್ಡು ಎಣಿಸುತ್ತಿದ್ದ ಸಾಬರತ್ತ ತಿರುಗಿದಳು.

"ಇವನಿಗೆ ಪೂರ್ತಿ ರೇಟು ಕೊಡ್ತೀರಲ್ಲ ಸಾಬ್ರೇ, ನನ್ ಕಾಯಿ ನಾನೇ ತಂದ್ ಹಾಕ್ತೀನಿ, ತಗೊಳ್ಳಿ."

ಸಾಬರು ದನಿ ತಗ್ಗಿಸಿದರು. "ಆಗಕಿಲ್ಲ ಕಣಮ್ಮ. ನಿಮ್ಮಿಂದ ನೇರವಾಗಿ ತಗೊಂಡ್ರೆ ಈ ಗೋದಾಮು ಉಳಿಯಕಿಲ್ಲ."

"ಈ ಹೈದನಿಗೆ ಹೆದರ್ತೀರಾ? ನಮ್ಮನೆ ಮಜ್ಜಿಗೆ ಕುಡಿದೋರು ನೀವು!"

"ನೀವೂ ಹೆದರಿದ್ರಲ್ಲಮ್ಮ, ಆವತ್ತು ಬಾಗಿಲಲ್ಲಿ."

ಹೌದು, ಹೆದರಿದ್ದಳು. ಬಸ್ಸಿನಲ್ಲಿ ವಾಪಸು ಬರುವಾಗ ದಾರಿಯುದ್ದಕ್ಕೂ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಮರುದಿನ ಮಹಾಂತೇಶನ ಟೆಂಪೊ ಮನೆ ಮುಂದೆ ಬಂತು. ಬೆಲೆ ಇನ್ನೂ ಇಳಿದಿತ್ತು. ಅವಳು ಬಾಯಿಗೆ ಬಂದಂತೆ ಬೈದಳು, ಅವನು ನಗುತ್ತಾ ನಿಂತೇ ಇದ್ದ. ಬೈದು ಬೈದು ಸುಸ್ತಾದ ಮೇಲೆ ತಾನೇ ಏಣಿ ತಂದು ಅಟ್ಟಕ್ಕೆ ಹಾಕಿಕೊಟ್ಟಳು. ಒಳಗೆ ಉಷಾರಾಣಿ ಬಾಣಾವರಕ್ಕೆ ಫೋನು ಮಾಡಿ, "ಮಳಿಗೆ ಬೇರೆಯೋರಿಗೇ ಕೊಟ್ಬಿಡಿ ಸಾರ್" ಎನ್ನುತ್ತಿದ್ದಳು.