ನಡುಗುವ ಸ್ಟಿಯರಿಂಗ್

ಇಂಗ್ಲೆಂಡಿನ ಲಿಂಕನ್‌ಶೈರಿನಲ್ಲಿ, ಹಳೆಯ ವಾಯುನೆಲೆಯೊಂದರ ಕಾರ್ ರೇಸ್ ಟ್ರ್ಯಾಕಿನಲ್ಲಿ ಅಂದು ಹೊಸಬರ ತರಬೇತಿಯ ದಿನ. ನಿವೃತ್ತಿಯ ಬಳಿಕ ಆಸೆಪಟ್ಟು ಸ್ಪೋರ್ಟ್ಸ್ ಕಾರು ಕೊಂಡಿದ್ದ ಕ್ಲಿಫರ್ಡ್ ಪ್ರತಿ ತಿರುವಿನಲ್ಲೂ ಅದನ್ನು ಕುಲುಕಿಸುತ್ತಿದ್ದರು. ಪಕ್ಕದಲ್ಲಿ ಕುಳಿತಿದ್ದ ತರಬೇತುದಾರಳು ಹೇಜಲ್ ಬೆಳಗಿನಿಂದ ಹೇಳಿದ್ದನ್ನೇ ಹೇಳುತ್ತಿದ್ದಳು.

“ಸ್ಟಿಯರಿಂಗ್ ಹಿಸುಕ್ಬೇಡಿ. ಕೈ ಸಡಿಲ ಬಿಡಿ.”

“ಬಿಟ್ಟಿದೀನಮ್ಮಾ. ಇನ್ನೂ ಬಿಟ್ರೆ ಕಳಚಿ ನಿನ್ನ ಮಡಿಲಿಗೆ ಬೀಳುತ್ತೆ!”

ಬ್ರೇಕನ್ನು ಮೆಲ್ಲಗೆ ಒತ್ತಿ ಮೆಲ್ಲಗೆ ಬಿಡುವುದನ್ನು ಅವರು ಮಧ್ಯಾಹ್ನದೊಳಗೆ ಕಲಿತರು. ಸ್ಟಿಯರಿಂಗ್ ಮಾತ್ರ ನಡುಗುತ್ತಲೇ ಇತ್ತು.

ಕೊನೆಗೆ ನಿಧಾನವಾಗಿ ಒಂದು ಸುತ್ತು ಬಂದು ಕಾರು ನಿಲ್ಲಿಸಿದರು. ಕಾದ ಬ್ರೇಕು ಕಚ್ಚಿಕೊಂಡೀತೆಂದು ಟ್ರ್ಯಾಕಿನಲ್ಲಿ ಯಾರೂ ಹ್ಯಾಂಡ್‌ಬ್ರೇಕ್ ಎಳೆಯುವುದಿಲ್ಲ. ಕ್ಲಿಫರ್ಡ್ ಕೂಡ ಎಂಜಿನ್ ಆರಿಸಿ, ಕಾರು ಉರುಳದಂತೆ ಅದನ್ನು ಗೇರಿನಲ್ಲೇ ಬಿಟ್ಟರು. ಗೇರಿನ ಹಿಡಿಯ ಮೇಲಿದ್ದ ಅವರ ಎಡಗೈ ಆಗಲೂ ನಡುಗುತ್ತಿತ್ತು.

ಹೇಜಲ್ ಅದನ್ನೇ ನೋಡಿದಳು.

“ಕ್ಲಿಫರ್ಡ್, ತಪ್ಪು ನಿಮ್ಮ ಡ್ರೈವಿಂಗಲ್ಲಿಲ್ಲ. ಡಾಕ್ಟರಿಗೆ ತೋರಿಸಿದೀರಾ?”

ಅವರು ಎಡಗೈಯನ್ನು ಬಲಗೈಯಿಂದ ಅದುಮಿ ಹಿಡಿದರು. ಕೈ ನಿಲ್ಲಲಿಲ್ಲ.

“ಅಪ್ಪಂಗೂ ನಡುಕದ ಕಾಯಿಲೆ ಎಡಗೈಯಿಂದಲೇ ಶುರುವಾಗಿತ್ತು,” ಎಂದರು. “ಕಲೀದೇ ಇರೋದಕ್ಕೆ ಹೀಗಾಗ್ತಿದೆ ಅಂದ್ಕೊಂಡಿದ್ದೆ.”

ಅವರು ಕೀಲಿ ತೆಗೆದು ಅವಳತ್ತ ಚಾಚಿದರು.

“ಮನೆ ತನಕ ನೀನೇ ಓಡಿಸ್ತೀಯಾ?”